ಮದರ್ ಹೋಗೈತೆ

ಅವತ್ತು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಸಿಪಿಯು ಡಬ್ಬದ ಮುಂದಿನ ದೀಪ ಹತ್ತಿತು. ಒಳಗೆ ಫ್ಯಾನು ಗುರ್ರೆಂದಿತು. ಕೀಬೋರ್ಡಿನ ಲೈಟೂ ಒಮ್ಮೆ ಮಿಣುಕಿತು. ಮಾನಿಟರ್ ಮಾತ್ರ ಮಸಿಯಂತೆ ಕಪ್ಪಗೆ ಕೂತಿತ್ತು. ಸ್ವಲ್ಪ ಹೊತ್ತಿಗೆ 'ನೋ ಸಿಗ್ನಲ್' ಎಂದು ತೋರಿಸಿ ಅದೂ ಮಾಯವಾಯಿತು.

ಹಿರಿಯೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಪತ್ರಿಕೆ, ನಾಮಕರಣದ ಕಾರ್ಡು, ಗೃಹಪ್ರವೇಶದ ಕರೆಯೋಲೆ, ತೀರಿಕೊಂಡವರ ಫೋಟೊ ಹಾಕಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದ ಫ್ಲೆಕ್ಸು. ಊರಿನವರು ಹುಟ್ಟುವುದು, ಮದುವೆಯಾಗುವುದು, ಸಾಯುವುದು ಎಲ್ಲ ನನ್ನ ಟೇಬಲ್ ಮೇಲಿಂದಲೇ ಹಾದುಹೋಗಬೇಕು ಎಂದು ನಮ್ಮ ಮನೆಯವರು ಗೇಲಿ ಮಾಡುತ್ತಾರೆ. ಅವತ್ತು ಒಂದು ಮದುವೆ ಪತ್ರಿಕೆ ಕೊಡಬೇಕಿತ್ತು. ಹುಡುಗಿಯ ಅಪ್ಪ ಬೆಳಗಿನಿಂದಲೇ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದ. ಮನೆಯವರು ಬಬ್ಬೂರಿನ ಫಾರಂ ಕೆಲಸಕ್ಕೆ ಹೋಗಿಯಾಗಿತ್ತು. ಮನೆಯಲ್ಲಿದ್ದದ್ದು ನಾನು ಮತ್ತು ಅಮ್ಮ.

ನನಗೆ ತಿಳಿದ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಆಫ್ ಮಾಡಿ ಆನ್ ಮಾಡಿದೆ. ಎಲ್ಲ ವೈರುಗಳನ್ನೂ ಕಿತ್ತು ಮತ್ತೆ ಒತ್ತಿ ಸಿಕ್ಕಿಸಿದೆ. ಪಕ್ಕದ ಮನೆಯವರ ಲ್ಯಾಪ್‌ಟಾಪ್ ತಂದು ಮಾನಿಟರನ್ನು ಅದಕ್ಕೆ ಹಾಕಿ ನೋಡಿದೆ, ಚಿತ್ರ ಬಂತು. ಅಂದರೆ ಮಾನಿಟರ್ ಸರಿಯಿದೆ, ತಂಟೆ ಇರುವುದು ಡಬ್ಬದಲ್ಲಿ. ಮಗ್ಗುಲಿನ ತಗಡು ಬಿಚ್ಚಿ, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಹಿಂದೊಮ್ಮೆ ಹೀಗೆ ಮಾಡಿ ಗೆದ್ದಿದ್ದೆ. ಈ ಸಲ ಜಪ್ಪಯ್ಯ ಅನ್ನಲಿಲ್ಲ. ಡಬ್ಬದ ತಲೆಗೆ ಎರಡು ಬಿಗಿದೆ. ಅದೂ ಫಲಿಸಲಿಲ್ಲ.

ಅಮ್ಮ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು ನನ್ನ ಕುಣಿತ ನೋಡುತ್ತಿದ್ದಳು.

"ಗುರ್ ಅಂತ ಉಸಿರಾಡ್ತೈತಲ್ಲೇ. ಜೀವ ಐತೆ ಅಂದ್ಮೇಲೆ ಯಾಕಿಂಗೆ ಗೋಳಾಡ್ತೀಯ?"

"ಜೀವ ಇದ್ರೆ ಏನ್ ಬಂತಮ್ಮ, ಮುಖ ತೋರಿಸ್ತಿಲ್ಲ ಅದು," ಎಂದೆ ಸಿಟ್ಟಿನಲ್ಲಿ.

ಅಮ್ಮ ಲೋಟವನ್ನು ಅಲ್ಲೇ ಕಿಟಕಿಯಲ್ಲಿಟ್ಟು ಒಳಗೆ ಹೋದಳು. ಆಗ ನಾನು ನಾಲಿಗೆ ಕಚ್ಚಿಕೊಂಡೆ.

ನಮ್ಮ ಮನೆಯಲ್ಲಿ 'ಮುಖ' ಎನ್ನುವುದು ಹುಷಾರಾಗಿ ಆಡಬೇಕಾದ ಮಾತು. ನಮ್ಮದು ಕುರಿ ಸಾಕಿದವರ ಕುಲ, ಸತ್ತವರನ್ನು ಹೂಳುತ್ತೇವೆ. ಹೂಳುವ ಮುಂಚೆ ಒಡಹುಟ್ಟಿದವರು, ಹೊಟ್ಟೆಯಲ್ಲಿ ಹುಟ್ಟಿದವರು ಎಲ್ಲ ಬಂದು ಮುಖ ನೋಡಬೇಕು. ಅಜ್ಜಿ, ಅಂದರೆ ಅಮ್ಮನ ಅವ್ವ, ಹೊಳಲ್ಕೆರೆ ಕಡೆಯ ಹಟ್ಟಿಯಲ್ಲಿ ತೀರಿಕೊಂಡಾಗ ಅಮ್ಮ ಅಲ್ಲೇ ಇದ್ದಳು. ಅಮ್ಮನ ಒಬ್ಬಳೇ ತಂಗಿ, ನನ್ನ ಚಿಕ್ಕಮ್ಮ, ಗಂಡನ ಜೊತೆ ಕುರಿ ಮಂದೆ ಹೊಡೆದುಕೊಂಡು ದೂರ ಹೋಗಿದ್ದಳು. ಮಂದೆ ಇವತ್ತು ಒಬ್ಬರ ಹೊಲದಲ್ಲಿದ್ದರೆ ನಾಳೆ ಇನ್ನೊಬ್ಬರ ಹೊಲ. ಆಗ ಅವರ ಹತ್ತಿರ ಫೋನೂ ಇರಲಿಲ್ಲ. ಹುಡುಕಿಕೊಂಡು ಹೋದವರು ಹೊಲದಿಂದ ಹೊಲಕ್ಕೆ ಅಲೆದು ಸುದ್ದಿ ಮುಟ್ಟಿಸುವಷ್ಟರಲ್ಲಿ ತಡವಾಗಿತ್ತು. ಕಾಯೋಣ ಎಂದವರೂ ಇದ್ದರಂತೆ. ಅಮ್ಮನೇ ಹಿರಿಮಗಳಾಗಿ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿಬಿಡಿ ಎಂದು ಹಟ ಹಿಡಿದಳಂತೆ.

ಚಿಕ್ಕಮ್ಮ ಬಂದಾಗ ಗಂಡಸರು ಮಣ್ಣು ಕೊಟ್ಟು, ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ವಾಪಸ್ ಬರುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು "ಮುಖ?" ಎಂದು ಒಂದೇ ಮಾತು ಕೇಳಿದಳು. ಅಮ್ಮ ತಲೆ ತಗ್ಗಿಸಿದಳು. ಚಿಕ್ಕಮ್ಮ ಅಳಲಿಲ್ಲ, ಒಳಗೆ ಕಾಲಿಡಲಿಲ್ಲ, ನೀರೂ ಮುಟ್ಟದೆ ಬಂದ ದಾರಿಯಲ್ಲೇ ಮಂದೆಗೆ ಹೊರಟುಹೋದಳು. ಅವತ್ತಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ನೆಂಟರ ಮದುವೆಯಲ್ಲಿ ಒಬ್ಬಳು ಮುಂಬಾಗಿಲಿಂದ ಬಂದರೆ ಇನ್ನೊಬ್ಬಳು ಹಿತ್ತಲಿಂದ ಜಾಗ ಖಾಲಿ ಮಾಡುತ್ತಿದ್ದಳು. ಇಬ್ಬರಿಗೂ ಬುದ್ಧಿ ಹೇಳಿ ನಾನು ಇಬ್ಬರಿಂದಲೂ ಉಗಿಸಿಕೊಂಡಿದ್ದೇನೆ.

ಹೋದ ವಾರವಷ್ಟೇ ಅಮ್ಮನಿಗೆ ಬಿಪಿ ಏರಿ ಆಸ್ಪತ್ರೆಗೆ ಸೇರಿಸಿದ್ದೆವು. ನೆಂಟರಿಷ್ಟರು ಎಳನೀರು, ಬ್ರೆಡ್ಡು ಹಿಡಿದು ಸಾಲಾಗಿ ಬಂದರು. ಪ್ರತಿ ಸಲ ವಾರ್ಡಿನ ಬಾಗಿಲು ಕಿರ್ ಎಂದಾಗ ಅಮ್ಮ ಕತ್ತು ಎತ್ತಿ ನೋಡುತ್ತಿದ್ದಳು. ಹೊಸದುರ್ಗದ ಕಡೆಯ ಹಟ್ಟಿಯಲ್ಲಿರುವ ಚಿಕ್ಕಮ್ಮನಿಗೆ ನಾನೇ ಕದ್ದು ಫೋನ್ ಮಾಡಿದ್ದೆ. "ನಾ ಬರಲ್ಲ ಅಂತ ಹೇಳು," ಎಂದು ಅವಳು ಮಗನಿಂದ ಹೇಳಿಸಿದ್ದಳು. ಮನೆಗೆ ಬಂದ ಮೇಲೆ ಅಮ್ಮ ಚೇತರಿಸಿಕೊಂಡಳು, ಊಟವನ್ನೂ ಮಾಡುತ್ತಿದ್ದಳು. ಆದರೆ ಇವರಿಬ್ಬರಲ್ಲಿ ಒಬ್ಬರು ಹೀಗೇ ಮಾತಿಲ್ಲದೆ ಹೋಗಿಬಿಡುತ್ತಾರಲ್ಲ ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ.

ಡಬ್ಬವನ್ನು ಆಟೋದಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರನ್ನು ನಾವೆಲ್ಲ ಭಾಯಿ ಎನ್ನುತ್ತೇವೆ. ಅವರ ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರು, ಅಪ್ಪ ರೇಡಿಯೊ, ಇವರು ಕಂಪ್ಯೂಟರ್. ಕೆಲಸ ಚೆನ್ನಾಗಿ ಗೊತ್ತು. ಆದರೆ ಕೀಬೋರ್ಡಿನ ಒಂದು ಗುಂಡಿ ಸವೆದಿದ್ದರೂ ದೊಡ್ಡ ಡಾಕ್ಟರು ಆಪರೇಷನ್ ಕೋಣೆಯಿಂದ ಹೊರಗೆ ಬಂದು ಹೇಳುವ ಧಾಟಿಯಲ್ಲೇ ಹೇಳುವುದು ಅವರ ಸ್ವಭಾವ.

"ಬಿಟ್ಟೋಗ್ರಿ ಮೇಡಂ. ಬೇರೆ ಪವರ್ ಸಪ್ಲೈ ಹಾಕಿ ನೋಡ್ತೀನಿ, ಬೇರೆ ರ‍್ಯಾಮ್ ಹಾಕಿ ನೋಡ್ತೀನಿ. ವಾಟ್ಸಾಪಿಗೆ ಹೇಳ್ತೀನಿ," ಎಂದರು.

ನಾನು ತರಕಾರಿ ತರಲು ಹೋದೆ. ಬದನೆಕಾಯಿ ಆರಿಸುವಾಗ ಭಾಯಿಯ ವಾಯ್ಸ್ ಮೆಸೇಜ್ ಬಂತು. ಹಿಂದೆ ಬಸ್ಸಿನ ಹಾರ್ನು, ಮುಂದೆ ಅವರ ಭಾರವಾದ ದನಿ. "ಮೇಡಂ, ಎಲ್ಲಾ ಥರ ನೋಡ್ದೆ. ಮದರ್ ಹೋಗೈತೆ. ಇನ್ನೇನೂ ಮಾಡಕಾಗಲ್ಲ. ಬಂದು ತಗಂಡೋಗ್ರಿ."

ರಿಪೇರಿಯವರು ಮದರ್‌ಬೋರ್ಡನ್ನು ಬರೀ ಮದರ್ ಎನ್ನುತ್ತಾರೆ. ನನಗೂ ಅದು ಅಭ್ಯಾಸವಾಗಿಹೋಗಿದೆ. ಕಂಪ್ಯೂಟರ್ ಕೊಡಿಸಿದವನು ಚಿತ್ರದುರ್ಗದಲ್ಲಿರುವ ನನ್ನ ತಮ್ಮ. ಮುಂದೇನು ಎಂದು ಅವನನ್ನೇ ಕೇಳೋಣವೆಂದು ಆ ವಾಯ್ಸನ್ನು ಹಾಗೇ ಅವನಿಗೆ ಕಳಿಸಿ, ಕೆಳಗೆ 'ಏನು ಮಾಡಬೇಕೋ ತಿಳೀತಿಲ್ಲ ಕಣೋ' ಎಂದು ಟೈಪ್ ಮಾಡಿದೆ. ಅಷ್ಟರಲ್ಲಿ ಮದುವೆ ಪತ್ರಿಕೆಯ ಪುಣ್ಯಾತ್ಮ ಮತ್ತೆ ಫೋನ್ ಮಾಡಿದ. ರೇಗಿಹೋಗಿ ಫೋನನ್ನು ಸೈಲೆಂಟಿಗೆ ಹಾಕಿ, ಬದನೆಕಾಯಿಯ ಕೆಳಗೆ ತುರುಕಿ, ಭಾಯಿಯ ಅಂಗಡಿಗೆ ನಡೆದೆ.

ಅಂಗಡಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹಳೆಯದಕ್ಕೆ ಹೊಸ ಮದರ್ ಸಿಗುತ್ತದೋ ಇಲ್ಲವೋ, ಒಳಗಿರುವ ನನ್ನ ಕೆಲಸವೆಲ್ಲ ಉಳಿದಿದೆಯೋ ಹೋಯಿತೋ. ಹಾರ್ಡ್ ಡಿಸ್ಕ್ ಗಟ್ಟಿಯಾಗಿದೆ, ಹೆದರಬೇಡಿ ಎಂದರು ಭಾಯಿ. ತಮ್ಮ ಏನೆಂದನೋ ನೋಡೋಣವೆಂದು ಚೀಲಕ್ಕೆ ಕೈಹಾಕಿ ಫೋನ್ ತೆಗೆದೆ.

ಪರದೆಯ ತುಂಬ ಮಿಸ್ಡ್ ಕಾಲ್. ತಮ್ಮನವು, ಮಾವಂದಿರವು, ಎಂದೂ ಫೋನ್ ಮಾಡದವರವು. ಅಮ್ಮನ ತವರಿನವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ 'ಓಂ ಶಾಂತಿ', 'ಓಂ ಶಾಂತಿ', ಮುಗಿದ ಕೈಗಳ ಸಾಲು. ಸರಸರ ಮೇಲಕ್ಕೆ ಎಳೆದೆ. ಒಬ್ಬ ಮಾವನ ಮಗ ಒಂದು ಚಿತ್ರ ಹಾಕಿದ್ದ. ಹಳದಿ ಹೂವಿನ ಅಂಚು, ಮೂಲೆಯಲ್ಲಿ ಉರಿಯುವ ದೀಪ. ಅದು ಅವನ ಅಪ್ಪ ತೀರಿಕೊಂಡಾಗ ನಾನೇ ಮಾಡಿಕೊಟ್ಟ ಡಿಸೈನು. ಅದರ ನಡುವೆ ಈಗ ಅಮ್ಮನ ಮುಖವಿತ್ತು. ಯಾವುದೋ ಮದುವೆಯ ಫೋಟೊದಿಂದ ಕತ್ತರಿಸಿದ, ಎಲೆಯಡಿಕೆ ಹಾಕಿಕೊಂಡು ನಗುತ್ತಿರುವ ಮುಖ.

ನಾನು ಇಲ್ಲಿ ಬದನೆಕಾಯಿ ಆರಿಸುತ್ತ, ಬೋರ್ಡಿನ ಬಗ್ಗೆ ವಾದ ಮಾಡುತ್ತ ನಿಂತಿದ್ದಾಗ ಅಲ್ಲಿ ಅಮ್ಮ ಒಬ್ಬಳೇ ಹೋಗಿಬಿಟ್ಟಿದ್ದಳು. ಊರಿಗೆಲ್ಲ ಗೊತ್ತಾಗಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಫೋನನ್ನು ಭಾಯಿಯ ಮುಂದೆ ಹಿಡಿದೆ, ಅಷ್ಟೆ. ಅವರು ಓದಿ "ಯಾ ಅಲ್ಲಾ" ಎಂದು, ಶಟರ್ ಎಳೆದು, ಸ್ಕೂಟರ್ ತೆಗೆದು "ಕುಂತ್ಕಳ್ರಿ ಮೇಡಂ" ಎಂದರು.

ಆ ದಾರಿ ನನಗೆ ನೆನಪಿಲ್ಲ. ಬೆಳಿಗ್ಗೆ ಕಿಟಕಿಯಲ್ಲಿ ಬಿಟ್ಟುಹೋದ ಟೀ ಲೋಟವೊಂದೇ ಕಣ್ಣಮುಂದೆ ನಿಂತಿತ್ತು. ಅವಳ ಜೊತೆ ನಾನು ಆಡಿದ ಕೊನೆಯ ಮಾತು 'ಮುಖ ತೋರಿಸ್ತಿಲ್ಲ'.

ಸ್ಕೂಟರ್ ನಮ್ಮ ಬೀದಿಗೆ ತಿರುಗಿತು. ಮನೆಯ ಮೆಟ್ಟಿಲ ಮೇಲೆ ಅಮ್ಮ ಕಾಲು ಚಾಚಿ ಕೂತು, ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು.

"ಇದ್ಯಾಕೆ ಹಿಂಗೆ ದೆವ್ವ ಬಡ್ದೋರಂಗೆ ಬಂದ್ಯೆ? ತರಕಾರಿ ಎಲ್ಲೇ?" ಎಂದಳು.

ನಾನು ಸ್ಕೂಟರಿನಿಂದ ಇಳಿದವಳು ಅಲ್ಲೇ ಕುಸಿದು ಅವಳ ಕಾಲು ತಬ್ಬಿಕೊಂಡೆ. ಮೊರ ಮಗುಚಿ ಅಕ್ಕಿಯೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಮೊದಲು ಅತ್ತೆ. ಆಮೇಲೆ ಕೆಂಡದಂಥ ಸಿಟ್ಟು ಬಂತು. ಬದುಕಿರುವವಳನ್ನು ಸಾಯಿಸಿದ ಆ ಮನೆಹಾಳ ಯಾರೆಂದು ಹಲ್ಲು ಕಡಿಯುತ್ತ ಗುಂಪಿನ ಮೆಸೇಜುಗಳನ್ನು ಬುಡದವರೆಗೂ ಎಳೆದೆ. ಬುಡದಲ್ಲಿ ನಾನೇ ಇದ್ದೆ. ತಮ್ಮನಿಗೆ ಕಳಿಸಿದೆ ಎಂದುಕೊಂಡದ್ದು ಗುಂಪಿಗೆ ಹೋಗಿತ್ತು. ಒತ್ತಿದೆ. "ಮೇಡಂ, ಎಲ್ಲಾ ಥರ ನೋಡ್ದೆ. ಮದರ್ ಹೋಗೈತೆ. ಇನ್ನೇನೂ ಮಾಡಕಾಗಲ್ಲ. ಬಂದು ತಗಂಡೋಗ್ರಿ." ಕೆಳಗೆ ನನ್ನ ಅಕ್ಷರ: ಏನು ಮಾಡಬೇಕೋ ತಿಳೀತಿಲ್ಲ ಕಣೋ. ಹೋದ ವಾರ ಆಸ್ಪತ್ರೆಯಲ್ಲಿ ಅಮ್ಮನನ್ನು ನೋಡಿಹೋದವರಿಗೆ ಇದು ಯಾವ ಡಾಕ್ಟರ ದನಿ ಎಂದು ಸಂಶಯವೇ ಬಂದಿರಲಾರದು.

ಭಾಯಿಯ ಮುಖ ಬಿಳಿಚಿಕೊಂಡಿತು. "ಮೇಡಂ, ಇದು ನಂದೇ ವಾಯ್ಸು," ಎಂದರು.

ಅಮ್ಮನಿಗೆ ವಿಷಯ ತಿಳಿಸುವುದೇ ಒಂದು ಸಾಹಸವಾಯಿತು. "ಅದೇನಪ್ಪ ಡಬ್ಬದಾಗೆ ಮದರು?" ಎಂದು ಭಾಯಿಯನ್ನೇ ಕೇಳಿದಳು.

"ಎಲ್ಲಾ ವೈರು, ಎಲ್ಲಾ ಪಾರ್ಟು ಅದಕ್ಕೇ ತಗಲಾಕ್ಕಂಡಿರ್ತವಮ್ಮ. ಅದಕ್ಕೇ ಹಂಗಂತಾರೆ."

"ಎಲ್ಲಾ ತಗಲಾಕ್ಕಂಡ್ರೆ ಅದಾದ್ರೂ ಎಷ್ಟಂತ ತಡೀತೈತೆ, ಹೋಗೈತೆ ಬಿಡು," ಎಂದಳು ಅಮ್ಮ. ಸತ್ತ ಸುದ್ದಿ ಸುಳ್ಳಾದರೆ ಆಯುಸ್ಸು ಹೆಚ್ಚುತ್ತದೆ ಎಂದು ಭಾಯಿ ಸಮಾಧಾನ ಹೇಳಿದರು. ಅಮ್ಮ ನಕ್ಕಳು. ನನಗೂ ಅಳುವಿನ ಮಧ್ಯೆಯೇ ನಗು ಬಂತು.

ತಮ್ಮನಿಗೆ ಫೋನ್ ಹಚ್ಚಿದೆ. ಬೈಕಿನಲ್ಲಿ ಅರ್ಧ ದಾರಿ ಬಂದಿದ್ದವನು ರಸ್ತೆ ಪಕ್ಕಕ್ಕೆ ನಿಲ್ಲಿಸಿ ನನ್ನನ್ನು ಬಾಯಿಗೆ ಬಂದಂತೆ ಬೈದ. "ಅಮ್ಮನ ಕೈಗೆ ಕೊಡು" ಎಂದ. ಕೊಟ್ಟರೆ ಅವನು ಅಳುವುದಷ್ಟೇ ಕೇಳುತ್ತಿತ್ತು. ಗುಂಪಿಗೆ ಅಮ್ಮನಿಂದಲೇ ಹೇಳಿಸಿದೆ. "ನಾನು ಹೋಗಿಲ್ರಪ್ಪ, ಇಲ್ಲೇ ಅಕ್ಕಿ ಆರಿಸ್ತಿದೀನಿ." ಅದಕ್ಕೂ ಮುಂಚೆ ಬಂದಿದ್ದ ಮೆಸೇಜುಗಳನ್ನು ಒಂದೊಂದಾಗಿ ನೋಡುವಾಗ ಚಿಕ್ಕಮ್ಮನ ಮಗನ ಫೋನಿನಿಂದ ಬಂದ ಒಂದು ವಾಯ್ಸ್ ಕಂಡಿತು. ಒತ್ತಿದೆ.

ಚಿಕ್ಕಮ್ಮನ ದನಿ. ಅಳುವಿರಲಿಲ್ಲ, ಒಣಗಿಹೋಗಿತ್ತು. "ನಾನು ಬರಾತನಕ ಎತ್ತಬ್ಯಾಡ್ರಿ. ಯಾರೂ ಕೈ ಹಚ್ಚಬ್ಯಾಡ್ರಿ. ಈ ಸಲ ನಾನು ಮುಖ ನೋಡೇ ನೋಡ್ತೀನಿ."

ಅಮ್ಮನ ನಗು ನಿಂತಿತು. "ಇನ್ನೊಂದ್ಸಲ ಹಾಕು," ಎಂದಳು. ಹಾಕಿದೆ. "ಇನ್ನೊಂದ್ಸಲ." ಮತ್ತೆ ಹಾಕಿದೆ. ಭಾಯಿ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟುಹೋದರು.

ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದರೆ ಅವನು ಮಂದೆಯ ಹತ್ತಿರವಿದ್ದ. ಅವ್ವ ಉಟ್ಟ ಸೀರೆಯಲ್ಲೇ ಓಡಿಹೋಗಿ ಹಿರಿಯೂರಿನ ಬಸ್ ಹತ್ತಿದ್ದಾಳೆ, ಅವಳ ಕೈಯಲ್ಲಿ ಫೋನಿಲ್ಲ ಎಂದ. ದೊಡ್ಡಮ್ಮ ಬದುಕಿದ್ದಾಳೆ ಎಂದಾಗ ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಡೆಯುವ ದಾರಿ ಅವನಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಬಸ್ ಬರುವುದನ್ನು ಕಾಯುವುದಷ್ಟೇ ಉಳಿಯಿತು.

ಅಮ್ಮ ಚೆಲ್ಲಿದ ಅಕ್ಕಿ ಬಳಿದಳು. ಮುಖ ತೊಳೆದಳು. ತಲೆ ಬಾಚಿ ಬೇರೆ ಸೀರೆ ಉಟ್ಟಳು. ನಡುಮನೆಯಲ್ಲಿ ನಿಂತು ಅತ್ತ ಇತ್ತ ನೋಡಿ, ಹೊಸದಾಗಿ ಮದುವೆಯಾದ ಹುಡುಗಿಯಂತೆ ಸಣ್ಣ ದನಿಯಲ್ಲಿ ಕೇಳಿದಳು: "ಅವಳು ಬಂದಾಗ ನಾನು ಎಲ್ಲಿರ್ಲೇ?"

"ಎಲ್ಲಿರ್ತೀಯ? ಇಲ್ಲೇ ಕುಂತ್ಕ."

"ಬದುಕಿದೀನಿ ಅಂತ ಗೊತ್ತಾದ್ರೆ ಬಾಗ್ಲಿಂದ್ಲೇ ವಾಪಸ್ ಹೋಗ್ತಾಳೆ ಕಣೆ. ಅವಳನ್ನ ನಾನು ಬಲ್ಲೆ." ಆಮೇಲೆ ನಡುಮನೆಯ ಮೂಲೆಯತ್ತ ಕಣ್ಣು ಹಾಯಿಸಿ, "ಮಲಕ್ಕಂಬಿಡ್ಲಾ? ಒಂದು ಗಳಿಗೆ. ಹತ್ರ ಬಂದು ಮುಖ ನೋಡ್ಲಿ. ಆಮೇಲೆ ಎದ್ರಾಯ್ತು," ಎಂದಳು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳ ಕಣ್ಣು ನೋಡಿದರೆ ತಮಾಷೆ ಇರಲಿಲ್ಲ. ನಿಜವಾಗಿಯೂ ಚಾಪೆ ಎಲ್ಲಿದೆ ಎಂದು ಹುಡುಕುತ್ತಿದ್ದಳು. "ಸಾಕು ಮಾಡಮ್ಮ, ನಿಂಗೆ ಕೈ ಮುಗೀತೀನಿ. ಇವತ್ತಿಗೆ ಒಂದ್ಸಲ ಸತ್ತಿದ್ದು ಸಾಲ್ದಾ?" ಎಂದು ಕೂಗಿಬಿಟ್ಟೆ.

ಅಷ್ಟರಲ್ಲಿ ಭಾಯಿ ಫೋನ್ ಮಾಡಿದರು. ಈ ಸಲ ವಾಯ್ಸ್ ಕಳಿಸುವ ಧೈರ್ಯ ಅವರಿಗಿರಲಿಲ್ಲ. "ಮೇಡಂ, ಮನಸ್ಸು ತಡೀಲಿಲ್ಲ, ಬಂದು ಇನ್ನೊಂದ್ಸಲ ನೋಡ್ದೆ. ರ‍್ಯಾಮ್ ಹಾಕಾದು ಎರಡು ಸಂದು ಐತಲ್ಲ, ಅದ್ರಾಗೆ ಒಂದು ಕೆಟ್ಟೈತೆ. ಪಕ್ಕದ ಸಂದಿಗೆ ಹಾಕ್ದೆ, ಡಿಸ್‌ಪ್ಲೇ ಬಂತು. ಮದರ್ ಹೋಗಿಲ್ಲ ಮೇಡಂ."

"ಗೊತ್ತು ಭಾಯಿ," ಎಂದೆ. "ಇಲ್ಲೇ ಕುಂತೈತೆ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೀದಿಯ ತುದಿಯಿಂದ ದನಿ ಕೇಳಿತು. ನಮ್ಮ ಕಡೆ ಹೆಂಗಸರು ಸಾವಿನ ಮನೆಗೆ ಸುಮ್ಮನೆ ಬರುವುದಿಲ್ಲ. ಬೀದಿಗೆ ತಿರುಗುತ್ತಲೇ ಸತ್ತವರನ್ನು ಕರೆದು, ಹಾಡಿಕೊಂಡು ಅಳುತ್ತ ಬರುತ್ತಾರೆ. ಬದುಕಿದ್ದಾಗ ಆಡಲಾಗದ ಮಾತನ್ನೆಲ್ಲ ಆಗ ಆಡುತ್ತಾರೆ. ಸತ್ತವರಿಗೆ ಅದು ಕೇಳಿಸುವುದಿಲ್ಲ, ಅಷ್ಟೆ.

"ಅಕ್ಕಾ... ನನ್ನಕ್ಕಾ... ಬೈಯಾಕಾದ್ರೂ ಒಂದ್ಸಲ ಬಾಯಿ ತೆಗೀಲಿಲ್ಲಲ್ಲೇ... ಕರೆದ್ರೆ ಕುರಿಮರೀನೂ ತಿರುಗಿ ನೋಡ್ತೈತೆ, ನೀನು ನೋಡ್ಲಿಲ್ಲಲ್ಲೇ ನನ್ನಕ್ಕಾ... ಬರಲ್ಲ ಅಂದೋಳು ಬಂದಿದ್ದೆನಲ್ಲೇ... ಆಸ್ಪತ್ರೆ ಬಾಗ್ಲುತನಕ ಬಂದು, ಸಂದಿಯಾಗೆ ನಿಂತು, ನಿನ್ನ ಕಾಲು ನೋಡಿ ವಾಪಸ್ ಹೋದೆನಲ್ಲೇ ಪಾಪಿ ನಾನು... ಮುಖ ನೋಡಾಕೆ ಧೈರ್ಯ ಬರ್ಲಿಲ್ಲಲ್ಲೇ ನನ್ನಕ್ಕಾ..."

ಆಸ್ಪತ್ರೆಗೆ ಬಂದಿದ್ದಳು! ಅಮ್ಮ ನಡುಮನೆಯ ಗೋಡೆ ಹಿಡಿದುಕೊಂಡು ಕೇಳುತ್ತಿದ್ದಳು. ತನ್ನ ಸಾವಿನ ಹಾಡನ್ನು ತಾನೇ ಕೇಳಿದವರು ಎಷ್ಟು ಜನರಿದ್ದಾರೋ ಕಾಣೆ. ಅಕ್ಕಪಕ್ಕದ ಮನೆಗಳ ಬಾಗಿಲು ತೆರೆದವು. ಅಮ್ಮ ಸೆರಗು ಸರಿಮಾಡಿಕೊಂಡು, ನಾನು ಕೈ ಹಿಡಿಯುವ ಮೊದಲೇ ಹೊಸ್ತಿಲಿಗೆ ಹೋಗಿ ನಿಂತಳು.

ಚಿಕ್ಕಮ್ಮ ಮೆಟ್ಟಿಲವರೆಗೂ ಬಂದವಳು ತಲೆ ಎತ್ತಿದಳು. ಹಾಡು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರು ಜಾರಿ, ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಹೂವಿನ ಹಾರ ನೆಲಕ್ಕೆ ಬಿತ್ತು. ಅವಳು ಬೀದಿಯಲ್ಲೇ ಕೂತುಬಿಟ್ಟಳು.

"ಹೋಗಿಲ್ಲೇನೇ ನೀನು?" ಎಂದಳು. ಅಷ್ಟು ವರ್ಷಗಳ ಮೇಲೆ ಅಕ್ಕನಿಗೆ ಅವಳು ಆಡಿದ ಮೊದಲ ಮಾತು ಅದು.

"ಇಲ್ಲ ಕಣೆ," ಎಂದಳು ಅಮ್ಮ, ತಪ್ಪು ಮಾಡಿದವಳ ಹಾಗೆ.

ಚಿಕ್ಕಮ್ಮ ಎದ್ದು ಬಂದವಳೇ ಅಮ್ಮನ ಭುಜಕ್ಕೆ ಗುದ್ದಿದಳು. ಮತ್ತೆ ಗುದ್ದಿದಳು. ಈಗ ಅಳುವಿನಲ್ಲಿ ಹಾಡಿರಲಿಲ್ಲ, ಬರೀ ಬಿಕ್ಕು. ಗುದ್ದುವ ಕೈ ಸೋತ ಮೇಲೆ ಎರಡೂ ಕೈಗಳಲ್ಲಿ ಅಕ್ಕನ ಕೆನ್ನೆ ಹಿಡಿದು, ಮುಖವನ್ನು ಬೆಳಕಿನ ಕಡೆ ತಿರುಗಿಸಿ ನೋಡತೊಡಗಿದಳು.

"ನೋಡ್ಕ," ಎಂದಳು ಅಮ್ಮ. "ಚೆನ್ನಾಗಿ ನೋಡ್ಕ. ಆಮೇಲೆ ತೋರಿಸ್ಲಿಲ್ಲ ಅನ್ಬ್ಯಾಡ."

ಒಳಗೆ ಕರೆದು ಕೂರಿಸಿದೆ. ನೀರು ಕೊಟ್ಟೆ. ಚಿಕ್ಕಮ್ಮ ಗಟಗಟನೆ ಕುಡಿದಳು. ಲೋಟ ಕೆಳಗಿಡುವ ಮುಂಚೆಯೇ, ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ಕೇಳಿದಳು.

"ಅವ್ವನ ಮುಖ ಹೆಂಗಿತ್ತೇ? ಕಣ್ಣು ಮುಚ್ಚಿತ್ತಾ? ನೋವು ಬಿದ್ದಂಗಿತ್ತಾ? ನೀನಾದ್ರೂ ಹೇಳು."

ಅಮ್ಮ ಅವಳ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟಳು.

"ನಾನೂ ನೋಡ್ಲಿಲ್ಲ ಕಣೆ," ಎಂದಳು.

ನನ್ನ ಕಿವಿಗೆ ಬಿದ್ದದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

"ಎಲ್ರೂ ಕರುದ್ರು. ಬಾ, ಹಿರೇಮಗಳು ನೀನು, ಮುಖ ನೋಡ್ಕ ಅಂದ್ರು. ನಾನು ಹಿತ್ಲಾಗೆ ಹೋಗಿ ಕುರಿ ರೊಪ್ಪದ ಹಿಂದ್ಗಡೆ ಕುಂತ್ಕಂಡೆ. ನೋಡಿಬಿಟ್ರೆ ಅವ್ವ ಹೋದ್ಲು ಅಂತ ಆಗ್ಬಿಡ್ತೈತಲ್ಲ. ಕಾಯ್ತಾ ಕುಂತ್ರೆ ಮತ್ತೆ ಮತ್ತೆ ಕರೀತಾರೆ ಅಂತ, ಬೇಗ ಮಣ್ಣು ಮಾಡ್ರಿ ಅಂತ ಅಲ್ಲಿಂದ್ಲೇ ಹೇಳಿ ಕಳಿಸ್ದೆ. ಅದಕ್ಕೇ ಕಣೆ. ಇನ್ಯಾವುದಕ್ಕೂ ಅಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಮುಖ ಅಂತ ಕೇಳ್ದಾಗ ಏನಂತ ಹೇಳ್ಲಿ?"

ಚಿಕ್ಕಮ್ಮ ಅಕ್ಕನ ಕೈ ಹಿಡಿದುಕೊಂಡಳು. "ಹಂಗಾದ್ರೆ ಅವ್ವ ನಮ್ಮಿಬ್ರಿಗೂ ಮುಖ ತೋರಿಸ್ದಂಗೆ ಹೋದ್ಲು," ಎಂದಳು.

ಇಬ್ಬರೂ ಅಳತೊಡಗಿದರು. ಒಬ್ಬಳು ಸತ್ತಳೆಂದು ಶುರುವಾದ ದಿನ, ಅಷ್ಟು ಹಿಂದೆ ಹೋದ ಅವ್ವನಿಗಾಗಿ ಅವರು ಜೊತೆಯಾಗಿ ಅತ್ತರು. ನಾನು ಬೀದಿಗೆ ಹೋಗಿ ಹಾರ ಎತ್ತಿ ತಂದೆ. ಅದನ್ನು ಎಲ್ಲಿಡಬೇಕೋ ತಿಳಿಯದೆ ಕಂಪ್ಯೂಟರ್ ಟೇಬಲ್ಲಿನ ಮೇಲೆ, ಡಬ್ಬವಿದ್ದ ಖಾಲಿ ಜಾಗದಲ್ಲಿ ಇಟ್ಟೆ. ಫೋನು ಮತ್ತೆ ನಡುಗಿತು. ಮದುವೆ ಪತ್ರಿಕೆಯವನು. ನಾನು ಎತ್ತಲಿಲ್ಲ.